ಮುಟ್ಟು: ಯಂತ್ರಶಿಲ್ಪ, ವಿಡಿಯೋ ಮತ್ತು ಕೈಗಳ ಚರಿತ್ರೆ

ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಕಲಾಸಂಸ್ಥೆ ಐದು ದಿನಗಳ ಕಮ್ಮಟ ನಡೆಸಿತು. ಮೋಟಾರು, ತಂತಿ, ಗುಜರಿ ಸಾಮಾನು ಸೇರಿಸಿ ಚಲಿಸುವ ಶಿಲ್ಪ ಕಟ್ಟುವುದು, ಜೊತೆಗೆ ವಿಡಿಯೋ ತೆಗೆದು ಆ ಶಿಲ್ಪದ ಮೇಲೆಯೇ ಬಿಡುವುದು ಅದರ ವಿಷಯ. ಕರಪತ್ರದಲ್ಲಿ 'ಕೈಯಾರೆ ಮಾಡಿ ಕಲಿಯಿರಿ' ಎಂದು ದಪ್ಪಕ್ಷರದಲ್ಲಿತ್ತು. ಸರ್ಕಾರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನಿನಗೆ ಅಲ್ಲೇನು ಕೆಲಸ ಅಂತ ಕೇಳಿದವರಿದ್ದಾರೆ. ಮಾಡಿ ಕಲಿಯುವ ಆಸೆ, ಅಷ್ಟೆ. ಮೊದಲ ದಿನವೇ ಗುಂಪುಗಳಾದವು. ನಮ್ಮ ಗುಂಪಿನವರೊಬ್ಬರು ಬಹಳ ಮರ್ಯಾದೆಯಿಂದಲೇ, 'ಮೇಡಂ, ನೀವು ಲೆಕ್ಚರರ್ ಅಲ್ವಾ, ರಿಪೋರ್ಟ್ ಬರ್ಕೊಳ್ಳಿ' ಅಂದರು. ಐದು ದಿನವೂ ಬರೆದುಕೊಂಡೆ. ಯಾರೂ ನನಗೆ ಮುಟ್ಟಬೇಡ ಅನ್ನಲಿಲ್ಲ. ಸೋಲ್ಡರಿಂಗ್ ಕಡ್ಡಿ ಮಾತ್ರ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಾ ನನ್ನ ಎದುರಿಗೇ ಹಾದುಹೋಗುತ್ತಿತ್ತು, ನನ್ನ ಕೈಗೆ ಬರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಶಿಲ್ಪದ ತೋಳೆತ್ತುವ ಮೋಟಾರು ನಿಂತುಹೋಯಿತು. ಪ್ರೋಗ್ರಾಮಿನಲ್ಲಿ ತಪ್ಪಾಗಿದೆ ಅಂತ ಎಲ್ಲರೂ ಲ್ಯಾಪ್‌ಟಾಪಿನ ಸುತ್ತ ಸೇರಿದರು. ನನ್ನ ಮೂಗಿಗೆ ಗುರುತಿನ ವಾಸನೆ ಬಂತು. ನಮ್ಮಪ್ಪ ಸೇಡಂನ ಮೋಟಾರ್ ರಿವೈಂಡಿಂಗ್ ಅಂಗಡಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವರು. ಸುಟ್ಟ ತಾಮ್ರದ ತಂತಿಯ ವಾರ್ನಿಷ್ ವಾಸನೆ ನಮಗೆ ಮನೆಯ ವಾಸನೆ. 'ವೈಂಡಿಂಗ್ ಸುಟ್ಟಾದ' ಅಂದೆ. ಅದು ಕೇಳಿಸಿದ್ದು ಒಬ್ಬನಿಗೆ ಮಾತ್ರ. ಅಲ್ಲಿ ಸಾಮಾನು ಎತ್ತಿಡುವ, ಕಸ ಗುಡಿಸುವ, ಬೇಕಾದಾಗ ವೆಲ್ಡಿಂಗನ್ನೂ ಮಾಡುವ ಹುಡುಗ ಅವನು. ಬಂದು ಮೋಟಾರನ್ನು ಬೆರಳಲ್ಲಿ ಮುಟ್ಟಿ ನೋಡಿ, 'ತೋಳು ಭಾರ ಜಾಸ್ತಿಯಾಗಿದೆ ಅಕ್ಕ' ಅಂದ. ರಾತ್ರಿ ಫೋನ್ ಮಾಡಿದಾಗ ಅಪ್ಪನೂ ಅದನ್ನೇ ಹೇಳಿದರು: 'ಲೋಡ್ ತಡೀಲಾರ್ದೆ ಸುಟ್ಟಾದವ್ವ. ಕಬ್ಬಿಣ ತೆಗದು ಬಿದಿರು ಕಟ್ಟಂತ ಹೇಳು.' ಮರುದಿನ ಆ ಹುಡುಗ ಬಿದಿರಿನ ತೋಳು ಕಟ್ಟಿ ಹೊಸ ಮೋಟಾರು ಕೂರಿಸಿದ. ತೋಳು ಎದ್ದಿತು. ಚಪ್ಪಾಳೆ ಬಿತ್ತು. ಪ್ರದರ್ಶನದ ಫಲಕದಲ್ಲಿ ಹದಿನೆಂಟು ಹೆಸರುಗಳಿದ್ದವು. 'ದಾಖಲಾತಿ' ಎಂದು ನನ್ನದೂ ಇತ್ತು. ಅವನದಿರಲಿಲ್ಲ.

ಇದನ್ನು ಸಿಟ್ಟಿನಿಂದ ಬರೆಯಲು ಕೂತವಳು ನನ್ನದೇ ರಿಪೋರ್ಟು ತೆಗೆದು ನೋಡಿದೆ. ಹದಿನಾಲ್ಕು ಪುಟಗಳಲ್ಲಿ ಎಲ್ಲೂ ಅವನಿಲ್ಲ. 'ತಾಂತ್ರಿಕ ತೊಂದರೆಯನ್ನು ಸರಿಪಡಿಸಲಾಯಿತು' ಎಂದು ಬರೆದಿದ್ದೇನೆ. ಕರ್ಮಣಿ ಪ್ರಯೋಗ. ಕೆಲಸವಿದೆ, ಕೆಲಸ ಮಾಡಿದವನಿಲ್ಲ. ಅವನ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

ಈ ಲೇಖನ ಹುಟ್ಟಿದ್ದು ಆ ಒಂದು ವಾಕ್ಯದ ನಾಚಿಕೆಯಿಂದ. ಕನ್ನಡದ ದಲಿತ ವಿಮರ್ಶೆ ಇಷ್ಟು ಕಾಲ ಮುಖ್ಯವಾಗಿ ಕೇಳಿದ ಪ್ರಶ್ನೆ 'ಬರೆದವರು ಯಾರು' ಎಂಬುದು. ಅನುಭವವೋ ಸಹಾನುಭೂತಿಯೋ ಎಂಬ ವಾಗ್ವಾದವೆಲ್ಲ ಆ ಪ್ರಶ್ನೆಯ ಸುತ್ತಲೇ ಬೆಳೆದದ್ದು. ಅದು ಬೇಕಾದ ಪ್ರಶ್ನೆಯೇ. ಆದರೆ ಯಂತ್ರ ಮತ್ತು ಕ್ಯಾಮೆರಾಗಳೂ ಕಲೆಯ ಸಾಮಗ್ರಿಯಾಗಿರುವ ಕಾಲದಲ್ಲಿ 'ಮುಟ್ಟಿದವರು ಯಾರು' ಎಂದೂ ಕೇಳಬೇಕಾಗುತ್ತದೆ ಎಂಬುದು ನನ್ನ ತಕರಾರು. ಹಾಗೆ ಕೇಳಿದಾಗ ಯಂತ್ರಕಲೆಯ ಚರಿತ್ರೆ ಹೇಗೆ ಕಾಣುತ್ತದೆ ಎಂದು ನೋಡುವ ಪ್ರಯತ್ನವಿದು.

*

ಕನ್ನಡದಲ್ಲಿ 'ಮುಟ್ಟು' ಎಂಬುದು ಕ್ರಿಯಾಪದವೂ ಹೌದು, ನಾಮಪದವೂ ಹೌದು. ಮುಟ್ಟು ಅಂದರೆ ಸೋಕು. ಮುಟ್ಟು ಅಂದರೆ ಉಪಕರಣ; ಬಡಿಗನ ಮುಟ್ಟು, ಕಮ್ಮಾರನ ಮುಟ್ಟು, ಅಡಿಗೆಮುಟ್ಟು ಅನ್ನುತ್ತೇವೆ. ಮುಟ್ಟು ಅಂದರೆ ಹೆಂಗಸು 'ಹೊರಗೆ ಕೂರುವ' ದಿನಗಳೂ ಹೌದು. ಸೋಕುವುದು, ಸಲಕರಣೆ, ಮೈಲಿಗೆ ಮೂರಕ್ಕೂ ಒಂದೇ ಶಬ್ದ ಇರುವ ಭಾಷೆಯಲ್ಲಿ ನಾವಿದ್ದೇವೆ. ನಿಘಂಟಿನವರು ಇವುಗಳ ಮೂಲವನ್ನು ಬೇರೆ ಬೇರೆ ಮಾಡಿ ತೋರಿಸಲಿ, ನನಗೆ ಬೇಜಾರಿಲ್ಲ. ಕೇರಿಯಲ್ಲಿ ಹುಟ್ಟಿದ ಹೆಣ್ಣಿಗೆ ಈ ಮೂರೂ ಒಟ್ಟಿಗೇ ಕೇಳಿಸುತ್ತವೆ. ಮುಟ್ಟು ಹಿಡಿದು ದುಡಿಯುವವರನ್ನೇ ಮುಟ್ಟಬಾರದವರು ಎಂದು ವಿಂಗಡಿಸಿದ ಸಮಾಜವಿದು.

'ಕಮ್ಮಟ' ಎಂಬ ಶಬ್ದವೂ ಹಾಗೆಯೇ. ಕಾವ್ಯಕಮ್ಮಟ, ನಾಟಕ ಕಮ್ಮಟ ಎಂದು ಸಾಹಿತಿಗಳು ಅದನ್ನು ಎಷ್ಟು ಬಳಸಿದ್ದೇವೆಂದರೆ, ಅದರ ಹಳೆಯ ಅರ್ಥ ನಾಣ್ಯ ಅಚ್ಚುಹಾಕುವ ಟಂಕಸಾಲೆ ಎಂಬುದು ಮರೆತೇಹೋಗಿದೆ. ಬೆಂಕಿ, ಸುತ್ತಿಗೆ, ಬೆವರು ಇದ್ದ ಜಾಗ ಅದು. ಈಗ ನಮ್ಮ ಕಮ್ಮಟಗಳಲ್ಲಿ ಕುರ್ಚಿ, ಮೈಕು, ಮಧ್ಯಾಹ್ನದ ಊಟ ಇರುತ್ತವೆ.

'ರೋಬೋ' ಎಂಬ ಶಬ್ದದ ಕಥೆ ಇನ್ನೂ ನೇರವಾಗಿದೆ. ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ 'ಆರ್.ಯು.ಆರ್.' ಎಂಬ ನಾಟಕ ಬರೆದ. ಕಾರ್ಖಾನೆಯಲ್ಲಿ ತಯಾರಾದ ಕೃತಕ ಆಳುಗಳು ಅದರಲ್ಲಿ ಕೊನೆಗೆ ದಂಗೆ ಏಳುತ್ತವೆ. ಆ ಆಳುಗಳಿಗೆ ಹೆಸರು ಸೂಚಿಸಿದವನು ಅವನ ಅಣ್ಣ, ಚಿತ್ರಕಾರ ಯೋಸೆಫ್. ಜೆಕ್ ಭಾಷೆಯ 'ರೊಬೊತ' ಎಂದರೆ ಜಮೀನ್ದಾರನ ಹೊಲದಲ್ಲಿ ರೈತ ಕೂಲಿಯಿಲ್ಲದೆ ಮಾಡಲೇಬೇಕಾಗಿದ್ದ ದುಡಿಮೆ. ನಮ್ಮ ಮಾತಿನಲ್ಲಿ ಬಿಟ್ಟಿ. ಹ್ಯಾಬ್ಸ್‌ಬರ್ಗ್ ದೊರೆಗಳ ನಾಡಿನಲ್ಲಿ ಅದು ಕಾನೂನಿನ ಪ್ರಕಾರ ರದ್ದಾದದ್ದು 1848ರಲ್ಲಿ. ಅಂದರೆ ಬಿಟ್ಟಿ ಹೋಗಿ ಎಪ್ಪತ್ತು ಚಿಲ್ಲರೆ ವರ್ಷವಾದ ಮೇಲೆ ಅದರ ನೆನಪು ಯಂತ್ರಕ್ಕೆ ಹೆಸರಾಗಿ ಅಂಟಿಕೊಂಡಿತು. ಬಿಟ್ಟಿ ಚಾಕರಿಯ ನೆನಪು ಇನ್ನೂ ಮೈಯಲ್ಲಿರುವ ನಮ್ಮ ಜನ 'ರೋಬೋಟಿಕ್ ಶಿಲ್ಪ' ಎಂಬ ಹೆಸರು ಕೇಳಿ ಬೆರಗಾಗುವ ಅಗತ್ಯವಿಲ್ಲ. ಆ ಹೆಸರಿನೊಳಗೆ ನಮ್ಮ ಮುತ್ತಜ್ಜನಂಥವನೇ ಒಬ್ಬ ಕೂತಿದ್ದಾನೆ.

ಚಲಿಸುವ ಬೊಂಬೆಗಳು ನಮ್ಮಲ್ಲಿ ಪುರಾತನದಿಂದಲೇ ಇದ್ದವು ಎಂದು ಎದೆತಟ್ಟಿಕೊಳ್ಳುವವರು ಹನ್ನೊಂದನೆಯ ಶತಮಾನದ ಪರಮಾರ ದೊರೆ ಭೋಜನ 'ಸಮರಾಂಗಣ ಸೂತ್ರಧಾರ'ವನ್ನು ತೋರಿಸುತ್ತಾರೆ. ಅದರ ಯಂತ್ರಾಧ್ಯಾಯದಲ್ಲಿ ಕುಣಿಯುವ, ದೀಪಕ್ಕೆ ಎಣ್ಣೆ ಹಾಕುವ, ಬಾಗಿಲು ಕಾಯುವ ಬೊಂಬೆಗಳಿವೆ, ನಿಜ. ಗಮನಿಸಬೇಕಾದದ್ದು ಎರಡು ಸಂಗತಿ. ಒಂದು, ಆ ಬೊಂಬೆಗಳಿಗೆ ಹಚ್ಚಿದ ಕೆಲಸವೆಲ್ಲ ಅರಮನೆಯ ಆಳುಗಳದ್ದು. ಎರಡು, ಇವನ್ನು ಕಟ್ಟುವ ಕ್ರಮವನ್ನು ಹೇಳದೆ ಬಿಟ್ಟದ್ದು ಗೊತ್ತಿಲ್ಲದೆ ಅಲ್ಲ, ಗುಟ್ಟು ಉಳಿಯಲಿ ಎಂದು ಎಂಬರ್ಥದ ಮಾತನ್ನು ಗ್ರಂಥವೇ ಹೇಳಿಕೊಳ್ಳುತ್ತದೆ. ಕೀಲು ಕೂರಿಸಿದ ಕೈಗಳು ಯಾವುವೋ ನಮಗೆ ಗೊತ್ತಿಲ್ಲ. ಗ್ರಂಥಕ್ಕೆ ರಾಜನ ಹೆಸರಿದೆ. ಪುರೋಹಿತಶಾಹಿಯ ಜ್ಞಾನಕ್ಕೂ ಕೈಗಾರಿಕೆಯ ಜ್ಞಾನಕ್ಕೂ ಇರುವ ವ್ಯತ್ಯಾಸ ಇಲ್ಲೇ ಸಿಗುತ್ತದೆ. ಒಂದು ಗುಟ್ಟಿನಿಂದ ಬದುಕುತ್ತದೆ, ಇನ್ನೊಂದು ಮುಟ್ಟಿನಿಂದ.

*

ಪಶ್ಚಿಮದ ಕಲಾಚರಿತ್ರೆ ಯಂತ್ರಶಿಲ್ಪದ ಕಥೆಯನ್ನು ಸಾಮಾನ್ಯವಾಗಿ 1960ರ ಮಾರ್ಚ್ 17ರ ಸಂಜೆಯಿಂದ ಹಿಡಿದು ಹೇಳುತ್ತದೆ. ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನ ಅಂಗಳದಲ್ಲಿ ಸ್ವಿಟ್ಜರ್ಲೆಂಡಿನ ಕಲಾವಿದ ಜಾನ್ ಟಾಂಗ್ಲಿ ಸೈಕಲ್ ಚಕ್ರ, ಮೋಟಾರು, ಹಳೆಯ ಪಿಯಾನೋ ಮುಂತಾದ ಗುಜರಿ ಸೇರಿಸಿ ಒಂದು ದೊಡ್ಡ ಯಂತ್ರ ನಿಲ್ಲಿಸಿದ್ದ. ಅದು ಸುಮಾರು ಅರ್ಧ ಗಂಟೆ ಸದ್ದು ಮಾಡಿ, ಹೊಗೆಯಾಡಿ, ತನ್ನನ್ನು ತಾನೇ ಒಡೆದುಕೊಂಡಿತು. ಬೆಂಕಿ ಆರಿಸುವವರು ಬರಬೇಕಾಯಿತು. ಆ ಯಂತ್ರಕ್ಕೆ ನೆರವಾದವನು ಬೆಲ್ ಲ್ಯಾಬೊರೇಟರಿಯ ಎಂಜಿನಿಯರ್ ಬಿಲ್ಲಿ ಕ್ಲೂವರ್. ಕಲಾವಿದನೂ ಎಂಜಿನಿಯರನೂ ಸರಿಸಮನಾಗಿ ಕೂತು ಕೆಲಸ ಮಾಡಬೇಕು ಎಂಬ ಹಟ ಅವನದು. 1966ರ ಅಕ್ಟೋಬರಿನಲ್ಲಿ ಹತ್ತು ಕಲಾವಿದರನ್ನೂ ಸುಮಾರು ಮೂವತ್ತು ಎಂಜಿನಿಯರುಗಳನ್ನೂ ಸೇರಿಸಿ ಅವನೂ ಚಿತ್ರಕಾರ ರಾಬರ್ಟ್ ರೌಷೆನ್‌ಬರ್ಗ್ ಮುಂತಾದವರೂ ಒಂಬತ್ತು ಸಂಜೆಗಳ ಪ್ರದರ್ಶನ ಮಾಡಿದರು. ಅದರಿಂದ 'ಎಕ್ಸ್‌ಪೆರಿಮೆಂಟ್ಸ್ ಇನ್ ಆರ್ಟ್ ಅಂಡ್ ಟೆಕ್ನಾಲಜಿ', ಚಿಕ್ಕದಾಗಿ ಇ.ಎ.ಟಿ., ಎಂಬ ಸಂಸ್ಥೆ ಹುಟ್ಟಿತು. ಇವತ್ತು ಬೆಂಗಳೂರಿನಲ್ಲಿ ನಡೆಯುವ ಇಂಥ ಕಮ್ಮಟಗಳ ಅಜ್ಜ ಅದು.

ಇದೇ ಕಾಲದಲ್ಲಿ ಕೊರಿಯಾ ಮೂಲದ ನಾಮ್ ಜೂನ್ ಪೈಕ್ 1964ರಲ್ಲಿ ಟೋಕಿಯೋದಲ್ಲಿ ಎಂಜಿನಿಯರ್ ಶುಯಾ ಅಬೆಯ ಜೊತೆ ಸೇರಿ ಕೆ-456 ಎಂಬ ರೋಬೋ ಕಟ್ಟಿದ. ಅದು ನಡೆಯುತ್ತಿತ್ತು, ಅಧ್ಯಕ್ಷ ಕೆನಡಿಯ ಭಾಷಣ ನುಡಿಸುತ್ತಿತ್ತು, ಒಣ ಬೀನ್ಸ್ ಕಾಳುಗಳನ್ನು ಹಿಂದಿನಿಂದ ಉದುರಿಸುತ್ತಿತ್ತು. ನ್ಯೂಯಾರ್ಕಿನ ಜನ ನಕ್ಕರು. ಕಲಾಚರಿತ್ರೆಯಲ್ಲಿ ಅದೊಂದು ಒಳ್ಳೆಯ ತಮಾಷೆ. ನನಗೆ ನಗು ಬರುವ ಮೊದಲೇ ಬೇರೊಂದು ಲೆಕ್ಕ ಬರುತ್ತದೆ. ಮಲ ವಿಸರ್ಜನೆ ಮಾಡುವ ರೋಬೋ 1964ಕ್ಕೇ ಬಂತು. ಮ್ಯಾನ್‌ಹೋಲಿಗೆ ಇಳಿದು ಮಲ ಎತ್ತುವ 'ಬ್ಯಾಂಡಿಕೂಟ್' ಎಂಬ ರೋಬೋ ತಿರುವನಂತಪುರದಲ್ಲಿ ಕೆಲಸಕ್ಕಿಳಿಯಲು 2018 ಆಗಬೇಕಾಯಿತು. ಮಲ ಹೊರಿಸುವುದನ್ನು ನಿಷೇಧಿಸಿದ ಕಾನೂನು 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಬಂದಿದೆ. ಮ್ಯಾನ್‌ಹೋಲಿನ ಸಾವು ನಿಂತಿಲ್ಲ. ತಂತ್ರಜ್ಞಾನ ಇರಲಿಲ್ಲ ಅಂತ ಯಾರೂ ಹೇಳಬಾರದು. ಇಳಿಯಲು ಮನುಷ್ಯ ಅಗ್ಗವಾಗಿ ಸಿಗುತ್ತಿದ್ದ.

ಆದರೂ ಪೈಕ್‌ನ ಒಂದು ಮಾತಿನ ಋಣ ಒಪ್ಪಿಕೊಳ್ಳಬೇಕು. 1969-70ರಲ್ಲಿ ಇಬ್ಬರೂ ಸೇರಿ ವಿಡಿಯೋ ಚಿತ್ರಗಳನ್ನು ಕಲಸಿ ಬಣ್ಣ ಕೊಡುವ ಯಂತ್ರವೊಂದನ್ನು ಮಾಡಿದರು. ಅದು ಇವತ್ತಿಗೂ 'ಪೈಕ್-ಅಬೆ ಸಿಂಥಸೈಜರ್'. ಮುಟ್ಟು ಕಟ್ಟಿದವನ ಹೆಸರು ಮುಟ್ಟಿನಲ್ಲೇ ಉಳಿದ ಅಪರೂಪದ ಪ್ರಸಂಗ ಇದು. ಹಾಗೆಂದು ಇ.ಎ.ಟಿ.ಯ ಸಮಾನತೆಯನ್ನು ಪೂರ್ತಿ ನಂಬಲಾರೆ. ಅಲ್ಲಿ ಕೈಕುಲುಕಿದ್ದು ಓದಿದ ಇಬ್ಬರು, ಕಲಾವಿದ ಮತ್ತು ಎಂಜಿನಿಯರ್. ಸ್ಟೂಲು ಹತ್ತಿ ತಂತಿ ಎಳೆದ ಮೂರನೆಯವನು ಆ ಚಿತ್ರದೊಳಗಿಲ್ಲ. ನಮ್ಮ ಬೆಂಗಳೂರಿನ ಹುಡುಗ ಆ ಮೂರನೆಯವನ ವಂಶದವನು.

*

ಈ ನ್ಯೂಯಾರ್ಕಿನ ಕಥೆಗೂ ನಮ್ಮ ಕಲಬುರಗಿ ಸೀಮೆಗೂ ಸಂಬಂಧವಿದೆ ಎಂದು ನನಗೆ ತಿಳಿದದ್ದು ತಡವಾಗಿ. 1969ರಲ್ಲಿ ಇ.ಎ.ಟಿ.ಯ ಜನ ವಿಕ್ರಮ್ ಸಾರಾಭಾಯಿ ಅವರ ಜೊತೆಗೂಡಿ ಗುಜರಾತಿನ ಆನಂದ್ ಡೇರಿಯ ಹಳ್ಳಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಯೋಜನೆ ರೂಪಿಸಿದರು. ಎಮ್ಮೆ ಸಾಕುವ ಹೆಂಗಸರಿಗೆ ಉಪಯೋಗವಾಗುವ ಟಿ.ವಿ. ಕಾರ್ಯಕ್ರಮ ಮಾಡುವುದು ಹೇಗೆ? ಹೆಗಲಿಗೆ ಹಾಕಿಕೊಂಡು ಹೋಗಬಹುದಾದ ಅರ್ಧ ಇಂಚು ಟೇಪಿನ ವಿಡಿಯೋ ಕ್ಯಾಮೆರಾ ಆಗತಾನೇ, 1967ರ ಹೊತ್ತಿಗೆ, ಸೋನಿ ಕಂಪನಿಯಿಂದ ಬಂದಿತ್ತು. ಅದನ್ನೇ ಹಳ್ಳಿಯನ್ನು ಅರಿಯುವ ಸಾಧನವಾಗಿ ಬಳಸಬೇಕೆಂಬುದು ಅವರ ಸಲಹೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಅದೇ ಕ್ಯಾಮೆರಾವನ್ನು ಬಡವರ ಬಡಾವಣೆಯ ಜನರ ಕೈಗೇ ಕೊಟ್ಟು ನೋಡಿದ ಪ್ರಯೋಗವೂ 1969ರದ್ದೇ. ಅದೇ ವರ್ಷ ಭಾರತ ಮತ್ತು ಅಮೆರಿಕ ಉಪಗ್ರಹ ಟಿ.ವಿ.ಯ ಒಪ್ಪಂದಕ್ಕೆ ಸಹಿ ಹಾಕಿದವು.

ಆ ಒಪ್ಪಂದದ ಫಲವೇ 'ಸೈಟ್'. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿ.ವಿ. ಬಂತು. ಕರ್ನಾಟಕದ ಪಾಲಿಗೆ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ದಿನಕ್ಕೆ ನಾಲ್ಕು ಗಂಟೆ. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಕೋಳಿಗೂಡಿಗೆ ಹಾಕುವಂಥ ತಂತಿಜಾಲರಿಯ ಹತ್ತಡಿ ಅಗಲದ ಛತ್ರಿ, ಕೆಳಗೆ ಕಪ್ಪುಬಿಳುಪಿನ ಪೆಟ್ಟಿಗೆ. ದೇಶದಲ್ಲಿ ಆಗ ತುರ್ತುಪರಿಸ್ಥಿತಿ. ಅದೇ 1975ರಲ್ಲಿ ಇತ್ತ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಅಚ್ಚಾಯಿತು. ಒಂದು ಆಕಾಶದಿಂದ ಕೇರಿಯ ಕಡೆಗೆ ಇಳಿಯುತ್ತಿತ್ತು, ಇನ್ನೊಂದು ಕೇರಿಯಿಂದ ಎದ್ದು ಬರುತ್ತಿತ್ತು. ನಮ್ಮ ಸಾಹಿತ್ಯಚರಿತ್ರೆ ಎರಡನೆಯದನ್ನು ಬರೆದಿಟ್ಟುಕೊಂಡಿದೆ, ಸರಿ. ಮೊದಲನೆಯದು ಇಂಜಿನಿಯರುಗಳ ವರದಿಗಳಲ್ಲಿದೆ.

ನಮ್ಮೂರಿನ ಪಕ್ಕದ ಹಳ್ಳಿಗೆ ಅಂಥದೊಂದು ಪೆಟ್ಟಿಗೆ ಬಂದಿತ್ತು. ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಆಗ ಇಪ್ಪತ್ತರ ಆಸುಪಾಸು. ಸಾಲಿ ಪಡಸಾಲೆಯಲ್ಲಿ ಪೆಟ್ಟಿಗೆ, ಪಡಸಾಲೆಯಲ್ಲಿ ಊರವರು, ಅಂಗಳದಲ್ಲಿ ಕೇರಿಯವರು. ಸಾರ್ವಜನಿಕ ಜಾಗದಲ್ಲಿಟ್ಟರೆ ಎಲ್ಲರೂ ನೋಡುತ್ತಾರೆ ಎಂಬುದು ಯೋಜನೆ ಮಾಡಿದವರ ಎಣಿಕೆ. ಸಾಲಿ ಎಲ್ಲರದೂ ಹೌದು, ಪಡಸಾಲೆ ಎಲ್ಲರದೂ ಆಗಿರಲಿಲ್ಲ. ಏನು ನೋಡಿದೆ ಆಯಿ ಅಂತ ಹೋದ ದೀಪಾವಳಿಯಲ್ಲಿ ಕೇಳಿದೆ. 'ಏನ್ ನೋಡ್ತೀವವ್ವ, ಮಂದಿ ಬೆನ್ನ ನೋಡೀವಿ' ಅಂದಳು. ಆಮೇಲೆ ನೆನಪು ಮಾಡಿಕೊಂಡು, 'ಒಂದಿನ ಎಮ್ಮಿ ಬಂದಿತ್ತು. ನಮ್ಮೆಮ್ಮಿಗಿಂತ ಚಲೋ ಇತ್ತು' ಅಂದಳು. ಪೆಟ್ಟಿಗೆ ಕೆಟ್ಟರೆ ಯಾರಿಗಾದರೂ ಮುಟ್ಟಲು ಬಿಡುತ್ತಿದ್ದರಾ ಅಂತ ಕೇಳಿದೆ. 'ಹೊರೂ ಹೊತ್ತಿನಾಗ ನಮ್ಮವರೇ ಹೊತ್ತಾರ' ಅಂದಳು. ನೂರಾರು ವರದಿಗಳು ಹೇಳದ ಮಾತು ಇದು. ಬಾಕ್ಸಿನ ಭಾರ ನಮ್ಮದು, ಗುಂಡಿ ಅವರದು.

ಸೈಟ್ ವರ್ಷಕ್ಕೆ ಮುಗಿಯಿತು. ಉಪಗ್ರಹ ಅಮೆರಿಕದ್ದು, ವಾಪಸ್ಸು ತೆಗೆದುಕೊಂಡರು. ಗುಜರಾತಿನ ಖೇಡಾ ಜಿಲ್ಲೆಯ ಪೀಜ್ ಎಂಬಲ್ಲಿ ಒಂದು ಚಿಕ್ಕ ಪ್ರಸಾರ ಕೇಂದ್ರ ಮಾತ್ರ ಇನ್ನೂ ಸುಮಾರು ಹತ್ತು ವರ್ಷ ನಡೆಯಿತು. ಅಲ್ಲಿನವರು ಹಳ್ಳಿಗೇ ಹೋಗಿ, ಹಳ್ಳಿಯವರನ್ನೇ ಸೇರಿಸಿಕೊಂಡು, ಅಸ್ಪೃಶ್ಯತೆ, ಕೂಲಿಯಂಥ ವಿಷಯಗಳ ಮೇಲೂ ಕಾರ್ಯಕ್ರಮ ಮಾಡಿದರು. ಕ್ಯಾಮೆರಾದ ಎದುರಿಗೆ ಜನ ಬಂದರು. ಹಿಂದಕ್ಕೆ ಹೋಗಲಿಲ್ಲ.

ಹಿಂದಕ್ಕೆ ಹೋದದ್ದು 1984ರಲ್ಲಿ, ಅಹಮದಾಬಾದಿನಲ್ಲಿ. ಇಳಾ ಭಟ್ ಕಟ್ಟಿದ 'ಸೇವಾ' ಸಂಘದ ಹೆಂಗಸರಿಗೆ ಅಮೆರಿಕದ ಮಾರ್ಥಾ ಸ್ಟುವರ್ಟ್ ಬಂದು ಮೂರು ವಾರದ ವಿಡಿಯೋ ಕಮ್ಮಟ ಮಾಡಿಸಿದರು. ಸುಮಾರು ಇಪ್ಪತ್ತು ಹೆಂಗಸರು, ಹಲವರಿಗೆ ಓದುಬರಹ ಇಲ್ಲ. ಅವರಲ್ಲಿ ಮಾಣೆಕ್ ಚೌಕದಲ್ಲಿ ತರಕಾರಿ ಮಾರುತ್ತಿದ್ದ ಲೀಲಾಬೆನ್ ದಾತಾನಿಯಾ ಕೂಡ ಇದ್ದರು. ಮುಂದೆ ಅವರು ವಿಡಿಯೋ ನಿರ್ಮಾಪಕಿಯೆಂದೇ ಹೆಸರಾದರು. ಬುಟ್ಟಿ ಇಟ್ಟುಕೊಂಡು ಕೂರುವ ಜಾಗಕ್ಕಾಗಿ ಪೊಲೀಸರ ಜೊತೆ, ಮುನಿಸಿಪಾಲಿಟಿಯ ಜೊತೆ ನಡೆಯುತ್ತಿದ್ದ ಜಗಳವೇ ಅವರ ಟೇಪಿನ ವಸ್ತುವಾಯಿತು. ಮೂರು ವಾರದ ಈ ಕಮ್ಮಟವನ್ನು ನಮ್ಮ ಕಲಾಚರಿತ್ರೆಯ ಪುಸ್ತಕಗಳು 'ಅಭಿವೃದ್ಧಿ' ಎಂಬ ಬೇರೆ ಕಪಾಟಿನಲ್ಲಿಡುತ್ತವೆ. ಪೈಕ್ ಮಾಡಿದ್ದು ಕಲೆ, ಲೀಲಾಬೆನ್ ಮಾಡಿದ್ದು ಅಭಿವೃದ್ಧಿ! ಕಪಾಟಿಗೂ ಜಾತಿ ಇರುತ್ತದೆ.

*

ಇನ್ನು ನಾನು ನಿಧಾನವಾಗಿ ಹೇಳಬೇಕಾದ ಜಾಗಕ್ಕೆ ಬಂದೆ. ಜಹೀರಾಬಾದ್. ಇವತ್ತು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. 1956ಕ್ಕೆ ಮೊದಲು ಹೈದರಾಬಾದ್ ಸಂಸ್ಥಾನದ ನಮ್ಮ ಬೀದರ್ ಜಿಲ್ಲೆಯ ತಾಲ್ಲೂಕಾಗಿತ್ತು. ಅಲ್ಲಿನ ಪಸ್ತಾಪುರದಲ್ಲಿ 'ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ' 1983ರಿಂದ ಕೆಲಸ ಮಾಡುತ್ತಿದೆ. ಸುಮಾರು 75 ಹಳ್ಳಿಗಳಲ್ಲಿ ದಲಿತ ಹೆಂಗಸರ ಸಂಘಗಳಿವೆ. ಜೋಳ, ನವಣೆ, ತೊಗರಿಗಳನ್ನು ಪಾಳುಬಿದ್ದ ಕೆಂಪು ನೆಲದಲ್ಲಿ ಮತ್ತೆ ಎಬ್ಬಿಸಿದವರು ಇವರು. ಸಂಸ್ಥೆಯನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು. ದೂರದರ್ಶನದ ನಿರ್ಮಾಪಕರಾಗಿ ಸೈಟ್‌ನಲ್ಲಿ ದುಡಿದವರು. 2023ರಲ್ಲಿ ತೀರಿಕೊಂಡರು. ಆಕಾಶದಿಂದ ಬಂದ ಪೆಟ್ಟಿಗೆಯ ಮಿತಿಯನ್ನು ಒಳಗಿನಿಂದಲೇ ಕಂಡವರೊಬ್ಬರು ಕ್ಯಾಮೆರಾವನ್ನು ಹೊಲದ ಹೆಂಗಸರ ಕೈಗೆ ದಾಟಿಸಿದರು ಎಂಬುದು ನನಗೆ ಆಕಸ್ಮಿಕವೆಂದು ತೋರುವುದಿಲ್ಲ.

1990ರ ದಶಕದ ಕೊನೆಯ ಹೊತ್ತಿಗೆ ಈ ಸಂಘಗಳ ಕೆಲವು ಹೆಂಗಸರಿಗೆ ವಿಡಿಯೋ ಕಮ್ಮಟಗಳು ನಡೆದವು. ಹೆಚ್ಚಿನವರು ದಲಿತರು, ಅಕ್ಷರ ಕಲಿಯದವರು. 2001ರಲ್ಲಿ ಅವರದೇ 'ಕಮ್ಯುನಿಟಿ ಮೀಡಿಯಾ ಟ್ರಸ್ಟ್' ಆಯಿತು. ಈ ಕಮ್ಮಟಗಳಲ್ಲಿ ನಡೆದ ಒಂದು ಸಂಗತಿ ದಲಿತ ವಿಮರ್ಶೆಯ ಮೈಲಿಗಲ್ಲೆಂದು ನಾನು ತಿಳಿದಿದ್ದೇನೆ. ಸಿನಿಮಾ ಶಾಲೆಗಳಲ್ಲಿ ಕ್ಯಾಮೆರಾ ಮೇಲಿನಿಂದ ಕೆಳಗೆ ನೋಡಿದರೆ ಒಂದು ಇಂಗ್ಲಿಷ್ ಹೆಸರು, ಕೆಳಗಿನಿಂದ ಮೇಲೆ ನೋಡಿದರೆ ಇನ್ನೊಂದು, ಕಣ್ಣಿಗೆ ಸಮವಾಗಿದ್ದರೆ ಮತ್ತೊಂದು. ಈ ಹೆಂಗಸರು ಆ ಹೆಸರುಗಳನ್ನು ಬಾಯಿಪಾಠ ಮಾಡಲಿಲ್ಲ. ಮೇಲಿನಿಂದ ಕೆಳಗೆ ನೋಡುವುದಕ್ಕೆ 'ಪಟೇಲನ ಶಾಟ್' ಅಂದರು. ನೆಲದಲ್ಲಿ ಕೂತು ಮೇಲೆ ನೋಡುವುದಕ್ಕೆ 'ಆಳಿನ ಶಾಟ್' ಎಂಬರ್ಥದ ಹೆಸರಿಟ್ಟರು. ಕಣ್ಣಿಗೆ ಕಣ್ಣು ಸಮವಾಗಿರುವುದಕ್ಕೆ 'ಸಂಘಂ ಶಾಟ್' ಅಂದರು. ಸಂಘದಲ್ಲಿ ಎಲ್ಲರೂ ಸುತ್ತ ಒಂದೇ ಎತ್ತರದಲ್ಲಿ ಕೂರುತ್ತಾರಲ್ಲ, ಹಾಗೆ.

ಇದನ್ನು 'ಮುಗ್ಧ ಹಳ್ಳಿಗರ ಸೊಗಸಾದ ಮಾತು' ಎಂದು ಚಪ್ಪರಿಸುವವರ ಮೇಲೆ ನನಗೆ ಸಿಟ್ಟಿದೆ. ಇದು ಪರಿಭಾಷೆ. ಇಂಗ್ಲಿಷಿನ ಹೆಸರುಗಳು ಕ್ಯಾಮೆರಾ ಇರುವ ಎತ್ತರವನ್ನಷ್ಟೇ ಅಳೆಯುತ್ತವೆ. ಈ ಹೆಸರುಗಳು ನೋಡುವವನು ಯಾರು, ಅವನು ಎಲ್ಲಿ ಕೂತಿದ್ದಾನೆ, ಕೂರಲು ಅವನಿಗೆ ಯಾರು ಬಿಟ್ಟರು ಎಂದು ಹೇಳುತ್ತವೆ. ಅಲಂಕಾರಶಾಸ್ತ್ರದಲ್ಲಿ ರಸ, ಧ್ವನಿ, ಔಚಿತ್ಯ ಎಂದು ಎಂ.ಎ. ತರಗತಿಯಲ್ಲಿ ಗೆಳತಿಯರ ಜೊತೆ ಕೂತು ನಾನೂ ಕೇಳಿದ್ದೇನೆ. ಅಲ್ಲಿ ನೋಡುವವನಿಗೆ 'ಸಹೃದಯ' ಎಂಬ ಒಂದೇ ಹೆಸರು. ಸಹೃದಯ ಪಡಸಾಲೆಯಲ್ಲಿ ಕೂತಿದ್ದಾನೋ ಅಂಗಳದಲ್ಲಿ ಕೂತಿದ್ದಾನೋ ಎಂದು ಯಾರೂ ಕೇಳಲಿಲ್ಲ. ಜಹೀರಾಬಾದಿನವರು ಕೇಳಿದರು. ನಮ್ಮ ಆಯಿ ಟಿ.ವಿ. ನೋಡಿದ್ದು ಆಳಿನ ಶಾಟ್‌ನಲ್ಲಿ, ಅದೂ ಎದುರಿಗೆ ಬೆನ್ನುಗಳಿದ್ದ ಶಾಟ್‌ನಲ್ಲಿ.

ಹೆಸರಿಟ್ಟು ಸುಮ್ಮನೆ ಕೂರಲಿಲ್ಲ ಅವರು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಾಗ ಹುಮ್ನಾಪುರದ ಲಕ್ಷ್ಮಮ್ಮ, ಚಿನ್ನ ನರಸಮ್ಮ ಮುಂತಾದವರ ತಂಡ ವಾರಂಗಲ್ಲಿನ ರೈತರ ಹೊಲಗಳಿಗೆ ಹೋಗಿ, ಕಂಪನಿಯ ಮಾತಿಗೂ ಬೆಳೆಗೂ ಇದ್ದ ಅಂತರವನ್ನು ಚಿತ್ರಿಸಿತು. 2003ರ ಆ ಚಿತ್ರ, ಅದರ ಮುಂದುವರಿಕೆಗಳು ದೇಶ ದಾಟಿ ಹೋದವು. ಮುಂದೆ ಅವರೇ ಆಫ್ರಿಕಾದ ಹತ್ತಿ ಹೊಲಗಳಿಗೂ ಕ್ಯಾಮೆರಾ ಹೊತ್ತು ಹೋದರು. 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ 'ಸಂಘಂ ರೇಡಿಯೋ' ಶುರುವಾಯಿತು. ಯಂತ್ರ ಬಂದು ಬಹಳ ಕಾಲವಾಗಿದ್ದರೂ ಲೈಸೆನ್ಸಿಗಾಗಿ ಅದು ವರ್ಷಗಟ್ಟಲೆ ಕಾಯಬೇಕಾಯಿತು.

ತಕರಾರುಗಳೂ ಇವೆ, ಮುಚ್ಚಿಡುವುದಿಲ್ಲ. ಸಂಸ್ಥೆಯ ನೆರಳಿನಲ್ಲಿ ಬೆಳೆದ ಕ್ಯಾಮೆರಾ ಸಂಸ್ಥೆಯ ಕಡೆಗೂ ತಿರುಗಬಲ್ಲದೇ? ಬೀಜದ ಬಗ್ಗೆ ಇಷ್ಟೊಂದು ಚಿತ್ರಗಳಿದ್ದು, ಬಾವಿಯ ಬಗ್ಗೆ, ಗುಡಿಯ ಬಗ್ಗೆ ಯಾಕೆ ಅಷ್ಟಿಲ್ಲ? 'ಓದುಬರಹವಿಲ್ಲದ ದಲಿತ ಹೆಂಗಸರ ಕ್ಯಾಮೆರಾ' ಎಂಬ ವಿವರಣೆ ಅವರ ಎಲ್ಲ ಚಿತ್ರಗಳ ಹಣೆಗೂ ಅಂಟಿಕೊಂಡಿದೆ. ಅದೂ ಒಂದು ಪಟೇಲನ ಶಾಟ್ ಅಲ್ಲವೇ ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

*

ಇವತ್ತು ಫೋನು ಎಲ್ಲರ ಕೈಯಲ್ಲೂ ಇದೆ, ಈ ಕಮ್ಮಟಗಳ ಕಥೆಯೆಲ್ಲ ಯಾಕೆ ಅನ್ನುವ ಗೆಳೆಯರಿದ್ದಾರೆ. ಅವರಿಗೆ 2016ರ ಜುಲೈ 11ರ ಊನಾವನ್ನು ನೆನಪಿಸುತ್ತೇನೆ. ಅದೇ ಗುಜರಾತ್. ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತರನ್ನು ಹಿಡಿದು, ಕಾರಿಗೆ ಕಟ್ಟಿ ಬಡಿದರು. ವಿಡಿಯೋ ತೆಗೆದವರು ಬಡಿದವರ ಕಡೆಯವರೇ. ಹೆಮ್ಮೆಯಿಂದ ಹಂಚಿದವರೂ ಅವರೇ. ಅದೇ ವಿಡಿಯೋ ಮುಂದೆ ದೊಡ್ಡ ಚಳವಳಿಗೆ ಕಾರಣವಾಯಿತು, ನಿಜ. ಆದರೆ ಆ ದೃಶ್ಯವನ್ನು ನಾವು ನೋಡಿದ್ದು ಕೋಲು ಹಿಡಿದವನ ಪಕ್ಕದಲ್ಲಿ ನಿಂತು. ಕ್ಯಾಮೆರಾ ಅಗ್ಗವಾಯಿತು ಅಂದ ಮಾತ್ರಕ್ಕೆ ಅದರ ಎತ್ತರ ಬದಲಾಗುವುದಿಲ್ಲ. ಸುಲಿಯುವ ಚೂರಿ ಹಿಡಿದಿದ್ದ ಕೈಯಲ್ಲಿ ಆ ಫೋನು ಇದ್ದಿದ್ದರೆ ಏನು ಕಾಣುತ್ತಿತ್ತು?

ಇನ್ನು ಕೆಲವರು ಯಂತ್ರವೇ ಬೇಡ, ತಮಟೆ ಸಾಕು, ದೇಸಿಗೆ ಹೋಗೋಣ ಅನ್ನುತ್ತಾರೆ. ತಮಟೆ ನನಗೂ ಪ್ರಾಣ. ಆದರೆ ಬಾಬಾಸಾಹೇಬರು 1945ರ ತಮ್ಮ ಪುಸ್ತಕದಲ್ಲಿ ಗಾಂಧಿಯ ಚರಕದ ವಾದಕ್ಕೆ ಉತ್ತರ ಕೊಡುತ್ತಾ ಯಂತ್ರದ ಪರವಾಗಿಯೇ ನಿಂತರು ಎಂಬುದನ್ನು ನಾವು ಮರೆಯಬಾರದು. ಮನುಷ್ಯನಿಗೆ ಬಿಡುವು ಸಿಗದೆ ಸಂಸ್ಕೃತಿಯಿಲ್ಲ, ದನದ ದುಡಿಮೆಯನ್ನು ಯಂತ್ರ ತೆಗೆದುಕೊಳ್ಳದೆ ಬಿಡುವು ಸಿಗುವುದಿಲ್ಲ, ಕೇಡು ಯಂತ್ರದ್ದಲ್ಲ, ಅದನ್ನು ಕೈವಶ ಮಾಡಿಕೊಂಡ ವ್ಯವಸ್ಥೆಯದು ಎಂಬುದು ಅವರ ವಾದದ ಸಾರ. ಜಾತಿ ಎಂಬುದು ಕೆಲಸವನ್ನಷ್ಟೇ ಅಲ್ಲ, ಕೆಲಸ ಮಾಡುವವರನ್ನೂ ವಿಂಗಡಿಸುತ್ತದೆ ಎಂದು 1936ರಲ್ಲೇ ತೋರಿಸಿದವರೂ ಅವರೇ. ಕಲೆಯ ಕಮ್ಮಟದಲ್ಲೂ ಆ ವಿಂಗಡಣೆ ಇದೆ. ಒಬ್ಬರು ಕಲ್ಪಿಸುತ್ತಾರೆ, ಒಬ್ಬರು ಪ್ರೋಗ್ರಾಮ್ ಬರೆಯುತ್ತಾರೆ, ಒಬ್ಬಳು ದಾಖಲಾತಿ ಮಾಡುತ್ತಾಳೆ, ಒಬ್ಬ ಬಿದಿರು ಕಟ್ಟಿ ಕಸ ಗುಡಿಸುತ್ತಾನೆ.

ಹೋದ ವರ್ಷ ನಮ್ಮ ಕಾಲೇಜಿನಲ್ಲಿ ನಾವೇ ಎರಡು ದಿನದ ಒಂದು ಚಿಕ್ಕ ಕಮ್ಮಟ ಮಾಡಿದೆವು. ಹಣ ಇರಲಿಲ್ಲ. ಗುಜರಿಯಿಂದ ಕೆಟ್ಟ ಫ್ಯಾನು, ಮಿಕ್ಸಿ ಮೋಟಾರು, ಸೈಕಲ್ ಚೈನು ತಂದೆವು. ವಿಡಿಯೋಕ್ಕೆ ಮಕ್ಕಳ ಫೋನುಗಳೇ. ಕಲಿಸಲು ಅಪ್ಪ ಬಂದರು. ಸ್ಟಾಫ್ ರೂಮಿಗೆ ಬಂದು ಚಹಾ ಕುಡೀರಿ ಅಂದರೆ ಬರಲಿಲ್ಲ, ಮುಜುಗರ. ಮಕ್ಕಳ ನಡುವೆ ನೆಲದಲ್ಲಿ ಕೂತು ತಂತಿ ಸುತ್ತುವುದನ್ನು ತೋರಿಸಿದರು, 'ಎಣಿಸ್ಕೋತ ಸುತ್ತಬೇಕವ್ವ, ಎಣಿಕಿ ತಪ್ಪಿದ್ರ ಮೋಟಾರ್ ಸುಳ್ಳು ಹೇಳತಾದ' ಅಂದರು. ಕಟ್ಟಿದ ಶಿಲ್ಪ ಅಂಥ ದೊಡ್ಡದೇನೂ ಅಲ್ಲ. ಛತ್ರಿಯಂಥ ಒಂದು ಜಾಲರಿ ಅಡ್ಡಾದಿಡ್ಡಿ ತಿರುಗುತ್ತದೆ, ಅದರ ಮೇಲೆ ಆಯಿ ಮಾತಾಡುವ ವಿಡಿಯೋ ಬೀಳುತ್ತದೆ. ಎರಡನೆಯ ಸಂಜೆ ಒಂದು ಕೀಲು ಮುರಿದು ನಿಂತುಹೋಯಿತು. ಫಲಕದಲ್ಲಿ ಕಸ ಗುಡಿಸಿದ ಅಟೆಂಡರಮ್ಮನ ಹೆಸರನ್ನೂ ಸೇರಿಸಿ ಇಪ್ಪತ್ಮೂರು ಹೆಸರು ಬರೆದೆವು. ಆಕೆ ಬಂದು ನೋಡಿ, ತನ್ನ ಹೆಸರಿನ ಇನಿಷಿಯಲ್ ತಪ್ಪಾಗಿದೆ ಅಂತ ತಿದ್ದಿಸಿದಳು.

ಬೆಂಗಳೂರಿನ ಆ ಸಂಸ್ಥೆಗೆ ನನ್ನ ರಿಪೋರ್ಟಿಗೊಂದು ತಿದ್ದುಪಡಿ ಕಳಿಸಿದ್ದೇನೆ. 'ಮೋಟಾರಿನ ವೈಂಡಿಂಗ್ ಸುಟ್ಟಿತ್ತು. ಭಾರ ಹೆಚ್ಚಾಗಿದೆಯೆಂದು ಕಂಡುಕೊಂಡು, ಬಿದಿರಿನ ತೋಳು ಕಟ್ಟಿ ಶಿಲ್ಪವನ್ನು ನಡೆಸಿದವರು' ಎಂದು ಬರೆದು ಮುಂದೆ ಜಾಗ ಬಿಟ್ಟು, ದಯವಿಟ್ಟು ಹೆಸರು ತುಂಬಿ ಎಂದು ಕೇಳಿದೆ. ಫೋನ್ ಮಾಡಿದಾಗ, 'ಅವ್ನಾ? ಅವ್ನು ಕೆಲಸ ಬಿಟ್ಟು ಹೋದ ಮೇಡಂ, ಕಂಟ್ರಾಕ್ಟ್ ಮೇಲಿದ್ದಿದ್ದು' ಅಂದರು. ಕಂಟ್ರಾಕ್ಟರಿನ ನಂಬರು ಕೊಟ್ಟಿದ್ದಾರೆ. ಎರಡು ಸಲ ರಿಂಗಾಗಿ ಕಟ್ಟಾಗಿದೆ.